ಉಪ್ಪು ಕರಗಿಸಿ ಪ್ಲಾಸ್ಟಿಕ್ ಹುಡುಕಿದ್ದು: ನನ್ನ ಅನುಭವ

ಸಕಲೇಶಪುರದ ನಮ್ಮ ಮನೆಗೆ ಮಾವಿನ ಮಿಡಿ ಕಾಲದಲ್ಲಿ ಹರಳುಪ್ಪು ಚೀಲಗಟ್ಟಲೆ ಬರುತ್ತದೆ. ಒಂದು ಪದರ ಮಿಡಿ, ಒಂದು ಪದರ ಉಪ್ಪು ಅಂತ ಅಮ್ಮ ಭರಣಿ ತುಂಬುತ್ತಾ ಹೋಗುತ್ತಾರೆ. ಕಳೆದ ವರ್ಷ ಅವರ ಪಕ್ಕ ಕೂತು ತೊಟ್ಟು ಸರಿಮಾಡಿ ಕೊಡುತ್ತಿದ್ದೆ. ಆಗ ಉಪ್ಪಿನ ಮಧ್ಯೆ ಬಿಳಿ ಪಟ್ಟಿಯಂಥ ಒಂದು ಚೂರು ಕಂಡಿತು. ಅಕ್ಕಿ ಕಾಳಿನಷ್ಟು ಉದ್ದ, ತೆಳ್ಳಗೆ, ಎರಡೂ ಅಂಚು ನೇರ. "ಚೀಲದ್ದು, ಬಿಸಾಕು" ಅಂದರು ಅಮ್ಮ. ನಾನು ಬಿಸಾಕದೆ ಕಾಗದದಲ್ಲಿ ಮಡಿಸಿ ಇಟ್ಟುಕೊಂಡೆ. ಕಣ್ಣಿಗೆ ಕಾಣುವುದೇ ಒಂದು ಸಿಕ್ಕಿದ ಮೇಲೆ ಕಾಣದೇ ಇರುವುದು ಎಷ್ಟಿದೆಯೋ ಅನ್ನೋದು ತಲೆಯಿಂದ ಹೋಗಲಿಲ್ಲ.

ನಾನು ಹಾಸನದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಲ್ಯಾಬ್ ಇದೆ, ಡಿಸ್ಟಿಲ್ಡ್ ವಾಟರ್ ಮಾಡುವ ವ್ಯವಸ್ಥೆ ಇದೆ, ಪಕ್ಕದ ಝೂವಾಲಜಿ ವಿಭಾಗದಲ್ಲಿ ಒಂದು ಸ್ಟೀರಿಯೋ ಮೈಕ್ರೋಸ್ಕೋಪ್ ಇದೆ. ಬೇಸಿಗೆ ರಜೆಯಲ್ಲಿ ಇಬ್ಬರು ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡು ಶುರು ಮಾಡಿದೆ. ಕಟ್ಟಿನಕೆರೆ ಮಾರುಕಟ್ಟೆಯಿಂದ ಮೂರು ಬಗೆಯ ಪ್ಯಾಕೆಟ್ ಪುಡಿ ಉಪ್ಪು ತಂದೆವು. ಒಂದು ಸೈಂಧವ ಲವಣ. ಜೊತೆಗೆ ಅಮ್ಮನ ಚೀಲದಿಂದ ಎರಡು ಕೆಜಿ ಹರಳುಪ್ಪು.

ಮೊದಲು ಏನು ಗೊತ್ತಿದೆ ಅಂತ ಓದಿಕೊಂಡೆ. 5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅಂತ ಹೆಸರು. 2015ರಲ್ಲಿ ಚೀನಾದ ಸಂಶೋಧಕರು ಅಲ್ಲಿನ ಅಂಗಡಿಗಳ ಸಮುದ್ರದ ಉಪ್ಪನ್ನು ಪರೀಕ್ಷೆ ಮಾಡಿದಾಗ ಪ್ರತಿ ಕೆಜಿಗೆ 550ರಿಂದ 681 ಚೂರು ಸಿಕ್ಕಿದ್ದವು. ನಮ್ಮಲ್ಲಿ ಐಐಟಿ ಬಾಂಬೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿ ಕೆಜಿಗೆ ಸರಾಸರಿ 56ರಿಂದ 103. 2024ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 10 ಬಗೆಯ ಉಪ್ಪು ನೋಡಿ 6.71ರಿಂದ 89.15 ಅಂತ ವರದಿ ಕೊಟ್ಟಿತು. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸೋಕೆ ಆಗಲ್ಲ. ಒಬ್ಬೊಬ್ಬರ ಫಿಲ್ಟರ್ ಒಂದೊಂದು, ಎಷ್ಟು ಚಿಕ್ಕದರವರೆಗೆ ಎಣಿಸಿದರು ಅನ್ನೋದೂ ಬೇರೆ ಬೇರೆ. ಉಪ್ಪಿಗೆ ಪ್ಲಾಸ್ಟಿಕ್ ಬರುವ ದಾರಿ ಮಾತ್ರ ಸರಳ. ಒಂದು ಕೆಜಿ ಉಪ್ಪಾಗೋಕೆ ಹತ್ತಿರಹತ್ತಿರ 30–40 ಲೀಟರ್ ಸಮುದ್ರದ ನೀರು ಬಿಸಿಲಿಗೆ ಆರಬೇಕು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಆಗರದ, ಅಂದರೆ ಉಪ್ಪು ಬೆಳೆಯುವ ಗದ್ದೆಯ, ಬದುವಿನ ಮೇಲೆ ನಿಂತು ನೋಡಿದವರಿಗೆ ಇದು ಗೊತ್ತಿರುತ್ತದೆ. ನೀರು ಹೋಗುತ್ತದೆ, ನೀರಲ್ಲಿದ್ದದ್ದೆಲ್ಲ ಅಲ್ಲೇ ಉಳಿಯುತ್ತದೆ.

ಕೆಲಸ ಹೀಗೆ. ಒಂದು ಲೀಟರ್‌ನ ಗಾಜಿನ ಬಾಟಲಿಗೆ 250 ಗ್ರಾಂ ಉಪ್ಪು. ಅದಕ್ಕೆ 100 ಮಿಲಿ ಲೀಟರ್ 30% ಹೈಡ್ರೋಜನ್ ಪೆರಾಕ್ಸೈಡ್. ಉಪ್ಪಿನಲ್ಲಿರುವ ಪಾಚಿ, ಜೊಂಡಿನ ಚೂರು, ಕಸ ಎಲ್ಲ ಕರಗಿ ಪ್ಲಾಸ್ಟಿಕ್ ಮಾತ್ರ ಉಳಿಯಲಿ ಅಂತ ಇದು. ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಮುಚ್ಚಿ 65 ಡಿಗ್ರಿಯ ಓವನ್‌ನಲ್ಲಿ ಒಂದು ದಿನ, ಆಮೇಲೆ ಹೊರಗೆ ಎರಡು ದಿನ. ನಂತರ ಮೊದಲೇ ಫಿಲ್ಟರ್ ಮಾಡಿಟ್ಟ 800 ಮಿಲಿ ನೀರು ಹಾಕಿ ಕರಗಿಸಿ, 5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ರಂಧ್ರದ ಸೆಲ್ಯುಲೋಸ್ ನೈಟ್ರೇಟ್ ಫಿಲ್ಟರ್ ಮೂಲಕ ವ್ಯಾಕ್ಯೂಮ್‌ನಲ್ಲಿ ಎಳೆಯುವುದು. ಫಿಲ್ಟರ್ ತರಿಸುವಾಗ ಚೌಕಳಿ ಗೆರೆ ಇರುವುದನ್ನೇ ಕೇಳಿ. ಎಣಿಸುವಾಗ ಒಂದೊಂದು ಚೌಕ ನೋಡಿಕೊಂಡು ಹೋಗಬಹುದು, ಗೆರೆ ಇಲ್ಲದಿದ್ದರೆ ಅರ್ಧ ಗಂಟೆಗೆ ಕಣ್ಣು ದಾರಿ ತಪ್ಪುತ್ತದೆ. 30% ಪೆರಾಕ್ಸೈಡ್ ಅನ್ನೋದು ಗಾಯಕ್ಕೆ ಹಚ್ಚುವ ಔಷಧಿಯಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಪ್ರಬಲ. ಗ್ಲೌಸ್‌ನ ಒಂದು ಸಣ್ಣ ತೂತಿನಿಂದ ನನ್ನ ಹೆಬ್ಬೆರಳ ತುದಿ ಬೆಳ್ಳಗಾಗಿ ಸಂಜೆವರೆಗೆ ಉರಿಯಿತು. ಮನೆಯಲ್ಲಿ ಇದನ್ನು ಮಾಡಲೇಬೇಡಿ.

ಮೊದಲ ಫಿಲ್ಟರ್ ಮೈಕ್ರೋಸ್ಕೋಪ್ ಅಡಿ ಇಟ್ಟಾಗ ನಮ್ಮ ಮೂವರ ಮೈಯೂ ಜುಮ್ಮೆಂದಿತು. ನೀಲಿ ಎಳೆ, ಕೆಂಪು ಎಳೆ, ಕಪ್ಪು ಎಳೆ. ಎಣಿಸಿದರೆ 23. ಕಾಲು ಕೆಜಿ ಉಪ್ಪಿಗೆ 23! ವಿದ್ಯಾರ್ಥಿನಿಯರು ಆಗಲೇ ನಾಲ್ಕರಿಂದ ಗುಣಿಸಿ ಕೆಜಿಗೆ 92 ಅಂತ ಬೋರ್ಡ್ ಮೇಲೆ ಬರೆದರು. ನನಗೂ ಖುಷಿಯೇ ಆಗಿತ್ತು, ಯಾಕೆಂದರೆ ಪ್ರಕಟವಾದ ಅಂಕಿಗಳ ಸಾಲಿನಲ್ಲಿ ಸರಿಯಾಗಿ ಕೂರುತ್ತಿತ್ತು.

ಆಮೇಲೆ ಖಾಲಿ ಬಾಟಲಿಯ ಫಿಲ್ಟರ್ ನೋಡಿದೆವು. ಅಂದರೆ ಉಪ್ಪು ಹಾಕದೆ ಬರೀ ನೀರು ಮತ್ತು ಪೆರಾಕ್ಸೈಡ್ ಹಾಕಿ, ಉಳಿದದ್ದೆಲ್ಲ ಹಾಗೇ ಮಾಡಿದ ಬಾಟಲಿ. ಅದರಲ್ಲಿ 19.

ಉಪ್ಪೇ ಇಲ್ಲದ ಬಾಟಲಿಯಲ್ಲಿ 19 ಎಳೆ ಎಲ್ಲಿಂದ ಬಂತು? ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ವಿದ್ಯಾರ್ಥಿನಿ ನನ್ನ ಚೂಡಿದಾರದ ವೇಲ್ ಕಡೆ ಕೈ ತೋರಿಸಿದಳು. ನೀಲಿ ಪಾಲಿಯೆಸ್ಟರ್. ಅದರ ತುದಿಯಿಂದ ಒಂದು ಎಳೆ ಕಿತ್ತು ಪಕ್ಕದಲ್ಲಿಟ್ಟು ನೋಡಿದೆವು. ಅದೇ ಬಣ್ಣ, ಅದೇ ದಪ್ಪ, ಅದೇ ಹೊಳಪು.

ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇದೇ. ಲೆಕ್ಕ ಹಾಕಿ ನೋಡಿ. ಪ್ರತಿ ಕೆಜಿಗೆ 56 ಅಂದರೆ ಕಾಲು ಕೆಜಿಗೆ 14. ನನ್ನ ಬಟ್ಟೆ, ಫ್ಯಾನಿನ ಗಾಳಿ, ಕಿಟಕಿಯ ಪರದೆ ಸೇರಿ ಖಾಲಿ ಬಾಟಲಿಗೆ ಹಾಕಿದ್ದೇ 19. ಉಪ್ಪಿನ ಸುದ್ದಿ ಅದರಲ್ಲಿ ಮುಳುಗಿಹೋಗುತ್ತದೆ. ಖಾಲಿ ಬಾಟಲಿ ಇಡದೆ ಯಾರಾದರೂ ಇಂಥ ಬ್ರ್ಯಾಂಡಿನಲ್ಲಿ ಇಷ್ಟು ಪ್ಲಾಸ್ಟಿಕ್ ಅಂತ ವಿಡಿಯೋ ಹಾಕಿದರೆ ಅವರು ಉಪ್ಪನ್ನಲ್ಲ, ತಮ್ಮ ಕೋಣೆಯ ಧೂಳನ್ನು ಎಣಿಸಿರುವ ಸಾಧ್ಯತೆಯೇ ಜಾಸ್ತಿ.

ಅವತ್ತಿನಿಂದ ಎಲ್ಲ ಬದಲಾಯಿಸಿದೆವು. ಮೂವರೂ ಹತ್ತಿ ಬಟ್ಟೆ, ಮೇಲೆ ಬಿಳಿ ಹತ್ತಿಯ ಕೋಟು. ಪರದೆ ಬಿಚ್ಚಿದೆವು. ಫ್ಯಾನ್ ಆಫ್, ಕಿಟಕಿ ಬಂದ್. ಮೇ ತಿಂಗಳ ಮಧ್ಯಾಹ್ನ ಅದು ಸುಲಭ ಇರಲಿಲ್ಲ. ಕೆಲಸ ಶುರು ಮಾಡುವ ಮೊದಲು ಮೇಜನ್ನು ಒದ್ದೆ ಹತ್ತಿ ಬಟ್ಟೆಯಲ್ಲಿ ಎರಡು ಸಲ ಒರೆಸುವುದು. ಪ್ಲಾಸ್ಟಿಕ್ ವಾಶ್ ಬಾಟಲಿ, ಪ್ಲಾಸ್ಟಿಕ್ ಚಮಚ ಎಲ್ಲ ಹೊರಗೆ, ಗಾಜು ಮತ್ತು ಸ್ಟೀಲ್ ಮಾತ್ರ ಒಳಗೆ. ಫಿಲ್ಟರ್ ಮಾಡುವಾಗಲೂ ಮೇಲೆ ಫಾಯಿಲ್. ಪಕ್ಕದಲ್ಲಿ ಒಂದು ಒದ್ದೆ ಫಿಲ್ಟರ್ ಪೇಪರ್ ತೆರೆದಿಟ್ಟು, ಗಾಳಿಯಿಂದ ಎಷ್ಟು ಬೀಳುತ್ತದೆ ಅಂತ ಅದನ್ನೂ ಎಣಿಸುತ್ತಿದ್ದೆವು. ಇಷ್ಟು ಮಾಡಿದ ಮೇಲೆ ಖಾಲಿ ಬಾಟಲಿಯ ಎಣಿಕೆ ಎರಡು–ಮೂರಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ, ಆಗೋದೂ ಇಲ್ಲ.

ಇನ್ನು ಎಳೆ ಕಂಡ ತಕ್ಷಣ ಪ್ಲಾಸ್ಟಿಕ್ ಅನ್ನೋಕೂ ಆಗಲ್ಲ. ಬಣ್ಣ ಹಾಕಿದ ಹತ್ತಿಯ ಎಳೆಯೂ ಪೆರಾಕ್ಸೈಡ್‌ಗೆ ಜಗ್ಗದೆ ಹಾಗೇ ಉಳಿಯುತ್ತದೆ. ಅದಕ್ಕೆ ಬಿಸಿ ಸೂಜಿ ಪರೀಕ್ಷೆ. ಸೂಜಿಯನ್ನು ಸ್ಪಿರಿಟ್ ಲ್ಯಾಂಪ್‌ನಲ್ಲಿ ಕೆಂಪಗೆ ಕಾಯಿಸಿ, ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಲೇ ಎಳೆಯ ಹತ್ತಿರ ತರಬೇಕು. ಮುಟ್ಟುವ ಮೊದಲೇ ಪ್ಲಾಸ್ಟಿಕ್ ಎಳೆ ಇಂಬಳಕ್ಕೆ ಉಪ್ಪು ಸೋಕಿದ ಹಾಗೆ ಒಮ್ಮೆಲೇ ಮುದುಡಿ ಸುರುಳಿಯಾಗುತ್ತದೆ. ತುದಿ ಕರಗಿ ಒಂದು ಸಣ್ಣ ಹನಿಯಾಗಿ ಹೊಳೆಯುತ್ತದೆ. ಹತ್ತಿ ಎಳೆ ಅಲ್ಲಾಡುವುದಿಲ್ಲ, ಮುಟ್ಟಿಸಿದರೆ ಕಪ್ಪಗೆ ಸುಡುತ್ತದೆ ಅಷ್ಟೇ. ಮರಳು, ಚಿಪ್ಪಿನ ಚೂರು ಏನೂ ಆಗದೆ ಕೂತಿರುತ್ತವೆ. ಮೊದಲ ದಿನ ಕೈ ನಡುಗಿ ಫಿಲ್ಟರನ್ನೇ ಸುಟ್ಟೆ. ಸೆಲ್ಯುಲೋಸ್ ನೈಟ್ರೇಟ್ ಬೇಗ ಹೊತ್ತಿಕೊಳ್ಳುವ ವಸ್ತು. ಎಳೆಯನ್ನು ಸಣ್ಣ ಚಿಮಟದಲ್ಲಿ ಎತ್ತಿ ಗಾಜಿನ ಸ್ಲೈಡ್ ಮೇಲಿಟ್ಟುಕೊಂಡೇ ಈ ಪರೀಕ್ಷೆ ಮಾಡಿ.

ನೈಲ್ ರೆಡ್ ಅನ್ನೋ ಬಣ್ಣವನ್ನೂ ಪ್ರಯತ್ನಿಸಿದೆ. ಅದು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ, ನೀಲಿ ಬೆಳಕು ಹಾಯಿಸಿ ಕಿತ್ತಳೆ ಗಾಜಿನಿಂದ ನೋಡಿದರೆ ಚೂರುಗಳು ಹೊಳೆಯುತ್ತವೆ. ನಾನು ಬಣ್ಣವನ್ನು ಅಸಿಟೋನ್‌ನಲ್ಲಿ ಕರಗಿಸಿ ನೇರವಾಗಿ ಫಿಲ್ಟರ್ ಮೇಲೆ ಹನಿಸಿದೆ. ಫಿಲ್ಟರ್ ಕಣ್ಣೆದುರೇ ಅಂಟಂಟಾಗಿ ಕರಗಿಹೋಯಿತು. ಅಸಿಟೋನ್ ಸೆಲ್ಯುಲೋಸ್ ನೈಟ್ರೇಟನ್ನು ಕರಗಿಸುತ್ತದೆ ಅಂತ ನಾನೇ ಪಾಠ ಮಾಡಿದ್ದೇನೆ, ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ನಾಲ್ಕು ದಿನದ ಕೆಲಸ ಹಾಳಾಯಿತು. ನೈಲ್ ರೆಡ್ ಬೇಕೆಂದರೆ ಗ್ಲಾಸ್ ಫೈಬರ್ ಫಿಲ್ಟರ್ ಬಳಸಿ. ಪಾಲಿಥೀನ್, ಪಾಲಿಪ್ರೊಪಿಲೀನ್ ಚೂರುಗಳು ಚೆನ್ನಾಗಿ ಹೊಳೆಯುತ್ತವೆ, ಪಾಲಿಯೆಸ್ಟರ್ ಎಳೆ ಮಂಕು. ಅದೊಂದನ್ನೇ ನಂಬಿದರೆ ಬಟ್ಟೆಯ ಎಳೆ ತಪ್ಪಿಹೋಗುತ್ತದೆ. ಎಣ್ಣೆ–ಜಿಡ್ಡಿನ ಅಂಶಕ್ಕೂ ಅದು ಹತ್ತುತ್ತದೆ, ಹಾಗಾಗಿ ಪೆರಾಕ್ಸೈಡ್ ಹಂತ ಬಿಡೋ ಹಾಗಿಲ್ಲ.

ಪ್ಯಾಕೆಟ್ ಉಪ್ಪಿನಲ್ಲಿ ಬೇರೆ ತಲೆನೋವು. ಉಪ್ಪು ಗಟ್ಟಿಯಾಗದೆ ಸಲೀಸಾಗಿ ಉದುರಲಿ ಅಂತ ಸಿಲಿಕಾ, ಮೆಗ್ನೀಸಿಯಂ ಕಾರ್ಬೊನೇಟ್ ಥರದ ಪುಡಿ ಸೇರಿಸಿರುತ್ತಾರೆ. ಅವು ನೀರಲ್ಲಿ ಕರಗುವುದಿಲ್ಲ. ಫಿಲ್ಟರ್ ಮೇಲೆ ಬಿಳಿ ಹಿಟ್ಟು ಸವರಿದ ಹಾಗೆ ಕೂತು ರಂಧ್ರ ಕಟ್ಟಿಹೋಗುತ್ತದೆ. ಕಾರ್ಬೊನೇಟ್ ಆದರೆ ಸ್ವಲ್ಪ ವಿನೆಗರ್ ಹಾಕಿದರೆ ಕರಗುತ್ತದೆ, ಸಿಲಿಕಾ ಹೋಗಲ್ಲ. ಆಗ ಒಂದು ಫಿಲ್ಟರ್ ಬದಲು ಮೂರು ಹಾಕಬೇಕು. ಸೈಂಧವ ಲವಣದಲ್ಲಿ ಕೆಂಪು ಮಣ್ಣು ಉಳಿಯುತ್ತದೆ.

ಹರಳುಪ್ಪಿನದು ಮರಳು, ಕೆಸರು. ಅದಕ್ಕೆ ಒಂದು ಉಪಾಯ ಇದೆ. ಲೀಟರ್ ನೀರಿಗೆ ಸುಮಾರು 350 ಗ್ರಾಂ ಹಾಕಿ ಗಟ್ಟಿ ಉಪ್ಪುನೀರು ಮಾಡಿ ರಾತ್ರಿಯೆಲ್ಲ ಮುಚ್ಚಿಡಿ. ಆ ನೀರಿನ ಸಾಂದ್ರತೆ 1.2ರ ಹತ್ತಿರ (ಸಾದಾ ನೀರಿನದು 1). ಪಾಲಿಪ್ರೊಪಿಲೀನ್ 0.9, ಪಾಲಿಥೀನ್ 0.91–0.97, ಎರಡೂ ತೇಲಿ ಮೇಲೆ ಬರುತ್ತವೆ. ಮರಳು ತಳಕ್ಕೆ. ಬೆಳಗ್ಗೆ ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ ಫಿಲ್ಟರ್ ಮಾಡಿ. ಬಾಟಲಿಯ ಗೋಡೆಗೆ, ಅದರಲ್ಲೂ ನೀರಿನ ಅಂಚಿನ ಗೆರೆಗೆ ಚೂರುಗಳು ಅಂಟಿಕೊಂಡಿರುತ್ತವೆ, ಅಲ್ಲಿ ಮೂರು ಸಲ ತೊಳೆದು ಆ ನೀರನ್ನೂ ಸೇರಿಸಬೇಕು. ತಳದ ಮರಳನ್ನೂ ಬಿಸಾಕಬೇಡಿ. ಪಾಲಿಯೆಸ್ಟರ್, ಪಿವಿಸಿ ಎರಡೂ ಸಾಮಾನ್ಯವಾಗಿ 1.38ರ ಆಸುಪಾಸು, ಅವು ಮರಳಿನ ಜೊತೆ ಮುಳುಗುತ್ತವೆ.

ಅಮ್ಮನ ಹರಳುಪ್ಪಿನಲ್ಲಿ ನಾನು ಹುಡುಕುತ್ತಿದ್ದದ್ದು ಸಿಕ್ಕಿದ್ದು ಹೀಗೇ. ಬೆಳಗ್ಗೆ ಫಾಯಿಲ್ ತೆಗೆದಾಗ ನೀರಿನ ಅಂಚಿಗೆ ಬಿಳಿ ಪಟ್ಟಿಯ ಚೂರುಗಳು ಅಂಟಿದ್ದವು. ಕೆಲವು ಕಣ್ಣಿಗೇ ಕಾಣುತ್ತಿದ್ದವು, ಉಳಿದವು ಮೈಕ್ರೋಸ್ಕೋಪ್‌ನಲ್ಲಿ. ಒಂದೊಂದರ ಮೇಲೂ ಉದ್ದುದ್ದ ಗೀರು, ಅಡ್ಡಲಾಗಿ ಬಿರುಕು, ತುದಿ ಪೊರಕೆಯ ಹಾಗೆ ಸೀಳಿತ್ತು. ಎಲ್ಲವೂ ಬಿಸಿ ಸೂಜಿಗೆ ಮುದುಡಿದವು. ಖಾಲಿ ಬಾಟಲಿಗಳಲ್ಲಿ ಇಂಥ ಒಂದು ಪಟ್ಟಿಯೂ ಇರಲಿಲ್ಲ. ನೇಯ್ದ ಪ್ಲಾಸ್ಟಿಕ್ ಚೀಲದ ಒಳಮೈಯನ್ನು ಉಗುರಿನಲ್ಲಿ ಕೆರೆದು ಅದನ್ನೂ ಪಕ್ಕದಲ್ಲಿಟ್ಟು ನೋಡಿದೆ. ವ್ಯತ್ಯಾಸವೇ ಇಲ್ಲ.

ಆದರೂ ಕಣ್ಣಿನ ಹೋಲಿಕೆ ಸಾಕಾಗಲ್ಲ. ಇದು ಇಂಥದೇ ಪ್ಲಾಸ್ಟಿಕ್ ಅಂತ ಹೇಳೋಕೆ ಎಫ್‌ಟಿಐಆರ್ ಅಥವಾ ರಾಮನ್ ಬೇಕು, ಅಂದರೆ ಚೂರಿನ ಮೇಲೆ ಬೆಳಕು ಹಾಯಿಸಿ ಅದು ಯಾವ ವಸ್ತು ಅಂತ ಗುರುತಿಸುವ ಯಂತ್ರ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯ ಕೈಲಿ ಮೂರು ದೊಡ್ಡ ಚೂರು ಕೊಟ್ಟು ಕಳಿಸಿದೆ, ಅದರಲ್ಲಿ ಕಾಗದದಲ್ಲಿ ಮಡಿಸಿಟ್ಟಿದ್ದ ಮೊದಲನೆಯದೂ ಇತ್ತು. ಮೂರೂ ಪಾಲಿಪ್ರೊಪಿಲೀನ್, ಇಂಥ ನೇಯ್ದ ಚೀಲಗಳನ್ನು ಸಾಮಾನ್ಯವಾಗಿ ಮಾಡುವುದೂ ಅದರಿಂದಲೇ. ಬಂದ ಗ್ರಾಫ್‌ನಲ್ಲಿ ಪಾಲಿಪ್ರೊಪಿಲೀನ್‌ನ ಗುರುತಾದ 1376 ಮತ್ತು 1455ರ ಹತ್ತಿರದ ಎರಡು ಗೆರೆ ನೋಡಿದ ತಕ್ಷಣ ನನಗೂ ಗೊತ್ತಾಯಿತು. ಅಂದರೆ ಆ ಪಟ್ಟಿಗಳು ಸಮುದ್ರದಿಂದ ಬಂದವಲ್ಲ, ಚೀಲದ್ದು. ಅಮ್ಮ ಅವತ್ತು ಹೇಳಿದ್ದೇ ಸರಿ.

ಚೀಲ ಯಾಕೆ ಉದುರುತ್ತದೆ ಅನ್ನೋದು ಮನೆಗೆ ಹೋದಾಗ ಗೊತ್ತಾಯಿತು. ತಂದ ಚೀಲ ವಾರಗಟ್ಟಲೆ ಕಣದ ಬದಿಯ ಜಗುಲಿಯಲ್ಲಿ ಬಿಸಿಲಿಗೆ ಬಿದ್ದಿರುತ್ತದೆ. ಬಿಸಿಲಿಗೆ ಪಾಲಿಪ್ರೊಪಿಲೀನ್ ಗಡಸಾಗಿ ಪುಡಿಪುಡಿಯಾಗುತ್ತದೆ. ಮಳೆಗಾಲದಲ್ಲಿ ಉಪ್ಪು ಗಟ್ಟಿಯಾಗಿ ಚೀಲಕ್ಕೆ ಅಂಟುತ್ತದೆ, ಆಗ ಹೊರಗಿನಿಂದ ಒನಕೆಯಲ್ಲಿ ಕುಟ್ಟಿ ಬಿಡಿಸುತ್ತೇವೆ. ಹರಳಿನ ಮೊನೆ ಒಳಗಿನಿಂದ ಕೆರೆಯುತ್ತದೆ.

ಪ್ಯಾಕೆಟ್ ಉಪ್ಪುಗಳ ವಿಷಯದಲ್ಲಿ ಯಾವುದರಲ್ಲಿ ಜಾಸ್ತಿ, ಯಾವುದರಲ್ಲಿ ಕಮ್ಮಿ ಅಂತ ನಾನು ಹೇಳೋಕೆ ಹೋಗಲ್ಲ. ಖಾಲಿ ಬಾಟಲಿಯದನ್ನು ಕಳೆದ ಮೇಲೂ ಎಲ್ಲದರಲ್ಲೂ ಕೆಲವು ಎಳೆಗಳು ಉಳಿದವು, ಆದರೆ ಒಂದೇ ಪ್ಯಾಕೆಟ್‌ನ ಎರಡು ಮಾದರಿಗಳ ನಡುವಿನ ವ್ಯತ್ಯಾಸ ಎರಡು ಬ್ರ್ಯಾಂಡ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಿತ್ತು. ನಮ್ಮ ಮೈಕ್ರೋಸ್ಕೋಪ್‌ನಲ್ಲಿ 100 ಮೈಕ್ರಾನ್‌ಗಿಂತ ಚಿಕ್ಕದನ್ನು ಧೈರ್ಯವಾಗಿ ಎಣಿಸೋಕೂ ಆಗಲ್ಲ. ತಲೆಗೂದಲಿನ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಅದು.

ಸ್ಟಾಫ್ ರೂಮಿನಲ್ಲಿ ಈ ವಿಷಯ ಹೇಳಿದಾಗ ಇಬ್ಬರು ಅಯೋಡಿನ್ ಉಪ್ಪನ್ನೇ ಬಿಡುತ್ತೇವೆ ಅಂದರು. ದಯವಿಟ್ಟು ಬೇಡ. ನಮ್ಮ ಮಲೆನಾಡಿನ ಕಡೆ ಅಯೋಡಿನ್ ಸಾಲದೆ ಗಳಗಂಡ ಆದ ಹೆಂಗಸರನ್ನು ಅಮ್ಮ ಚಿಕ್ಕವರಿದ್ದಾಗ ಕಣ್ಣಾರೆ ನೋಡಿದ್ದಾರೆ. ಕೆಜಿಗೆ 100 ಚೂರು ಅಂತಲೇ ಇಟ್ಟುಕೊಂಡರೂ ದಿನಕ್ಕೆ 5 ಗ್ರಾಂ ಉಪ್ಪಿನಲ್ಲಿ ಬರುವುದು ಅರ್ಧ ಚೂರು. ನಮ್ಮ ಬಟ್ಟೆಯಿಂದ ಒಂದು ತಟ್ಟೆ ಊಟದ ಮೇಲೆ ಬೀಳುವುದು ಅದಕ್ಕಿಂತ ಜಾಸ್ತಿ ಇರಬಹುದು ಅಂತ ಆ ಖಾಲಿ ಬಾಟಲಿ ನೋಡಿದ ಮೇಲೆ ನನಗೆ ಅನ್ನಿಸಿದೆ. ಉಪ್ಪು ತಯಾರಾಗುವ ಜಾಗದಲ್ಲೇ ತಡೆಯಬಹುದು. ಐಐಟಿ ಬಾಂಬೆಯವರ ಅದೇ ಅಧ್ಯಯನದಲ್ಲಿ ಸಮುದ್ರದ ನೀರನ್ನು ಮರಳಿನ ಮೂಲಕ ಸೋಸಿದಾಗ 85%ಕ್ಕಿಂತ ಜಾಸ್ತಿ ಚೂರುಗಳು ನಿಂತಿದ್ದವು. ಮರಳಿನ ಸೋಸುವಿಕೆ ಅಂದರೆ ದುಬಾರಿ ಯಂತ್ರವೇನಲ್ಲ ಅಲ್ವಾ, ಆಗರಗಳಲ್ಲಿ ಇದನ್ನು ಕಡ್ಡಾಯ ಮಾಡಲಿ ಅಂತ ನಾವು ಕೇಳಬೇಕು.

ಮನೆಯಲ್ಲಿ ಈ ಸಲ ಚೀಲ ಬಂದ ದಿನವೇ ಉಪ್ಪನ್ನು ಅಜ್ಜಿಯ ಕಾಲದ ಮರದ ಮರಿಗೆಗೆ, ಎರಡು ದೊಡ್ಡ ಭರಣಿಗೆ ಸುರಿದೆವು. ಚೀಲವನ್ನು ಕುಟ್ಟಲಿಲ್ಲ, ಕೊಡವಲೂ ಇಲ್ಲ. ಮಿಡಿ ಮುಳುಗುವ ಉಪ್ಪುನೀರನ್ನು ಕುದಿಸಿ ಆರಿಸಿ, ರಾತ್ರಿ ಬಿಟ್ಟು, ಮೇಲೆ ತೇಲಿದ್ದನ್ನು ಬಗ್ಗಿಸಿ ಚೆಲ್ಲಿ, ಉಳಿದದ್ದನ್ನು ಹಳೆ ಹತ್ತಿ ಪಂಚೆಯ ನಾಲ್ಕು ಮಡಿಕೆಯಲ್ಲಿ ಸೋಸಿದೆವು. ಅಮ್ಮ ಸೋಸಿದ ಮೇಲೆ ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮೂರು ಬಿಳಿ ಪಟ್ಟಿ. ಅವನ್ನು ಒಂದು ಗಾಜಿನ ಸೀಸೆಗೆ ಹಾಕಿ ನನ್ನ ಕೈಗೆ ಕೊಟ್ಟರು.