ಬಾಗಿಲಿಲ್ಲದವರನ್ನು ಎಣಿಸುವುದು ಹೇಗೆ? ಎಣಿಸಿದ ಮೇಲೆ ಮಾಡುವುದೇನು?

ಜನಗಣತಿಯವರು ಬಂದರೆ ಬಾಗಿಲು ತಟ್ಟುತ್ತಾರೆ. ಬಾಗಿಲೇ ಇಲ್ಲದವರನ್ನು ಎಲ್ಲಿ ಹುಡುಕಬೇಕು? ನಮ್ಮ ದೇಶದ 2011ರ ಗಣತಿಯಲ್ಲಿ ಇದಕ್ಕೆಂದೇ ಒಂದು ರಾತ್ರಿ ಇಟ್ಟಿದ್ದರು, ಫೆಬ್ರುವರಿ 28. ಫುಟ್‌ಪಾತ್, ರೈಲ್ವೆ ಪ್ಲಾಟ್‌ಫಾರಂ, ಫ್ಲೈಓವರ್ ಕೆಳಗೆ, ದೇವಸ್ಥಾನದ ಮಂಟಪ, ರಸ್ತೆ ಬದಿಯ ದೊಡ್ಡ ಸಿಮೆಂಟ್ ಪೈಪು, ಇವೆಲ್ಲ ಪಟ್ಟಿಯಲ್ಲಿದ್ದವು. ಆ ರಾತ್ರಿ ದೇಶದಲ್ಲಿ 17 ಲಕ್ಷಕ್ಕೂ ಜಾಸ್ತಿ ಜನ ಲೆಕ್ಕಕ್ಕೆ ಸಿಕ್ಕರು.

ಇದೇ ಕೆಲಸವನ್ನು ಅಮೆರಿಕದ ಲಾಸ್ ಏಂಜಲಿಸ್ ಕೌಂಟಿ ಹೆಚ್ಚುಕಡಿಮೆ ಪ್ರತಿ ವರ್ಷ ಮಾಡುತ್ತದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ವಿಸ್ತೀರ್ಣದಲ್ಲಿ ಸರಿಸುಮಾರು ತುಮಕೂರು ಜಿಲ್ಲೆಯಷ್ಟು. ಜನ ಮಾತ್ರ ಒಂದು ಕೋಟಿಯ ಹತ್ತಿರ. ಒಳಗೆ 88 ನಗರಗಳಿವೆ, ಲಾಸ್ ಏಂಜಲಿಸ್ ನಗರ ಅವುಗಳಲ್ಲಿ ಒಂದು. 2025ರ ಎಣಿಕೆಯ ಪ್ರಕಾರ ಈ ಕೌಂಟಿಯಲ್ಲಿ ಮನೆ ಇಲ್ಲದವರು 72,308 ಮಂದಿ.

ಈ ಅಂಕಿ ಹುಟ್ಟುವುದು ಹೇಗೆ? ಅದನ್ನು ಇಳಿಸುವುದು ಹೇಗೆ? ಒಂದು ಕೌಂಟಿಯ ಜವಾಬ್ದಾರಿ ನಿಮ್ಮ ಮೇಲೇ ಬಿದ್ದಿದೆ ಅಂದುಕೊಳ್ಳಿ. ಒಂದೊಂದೇ ಹೆಜ್ಜೆ ನೋಡೋಣ.

ಹೆಜ್ಜೆ 1: ಯಾರನ್ನು ಎಣಿಸಬೇಕು ಎಂದು ತೀರ್ಮಾನಿಸಿ

ಸುಲಭ ಅನ್ನಿಸುತ್ತದೆ, ಅಲ್ವಾ? ಜಾಸ್ತಿ ತಕರಾರು ಇರುವುದು ಇಲ್ಲೇ. ಅಮೆರಿಕದ ಕೇಂದ್ರ ವಸತಿ ಇಲಾಖೆ ಈ ಎಣಿಕೆಗೆ ಎರಡು ಗುಂಪು ಮಾಡುತ್ತದೆ. ಆಶ್ರಯ ಕೇಂದ್ರದಲ್ಲೋ ತಾತ್ಕಾಲಿಕ ವಸತಿಯಲ್ಲೋ ಮಲಗಿದವರು ಒಂದು ಗುಂಪು. ಬೀದಿ, ಪಾರ್ಕು, ಕಾರು, ಟೆಂಟು, ಹೀಗೆ ಮನುಷ್ಯರು ವಾಸ ಮಾಡಲು ಅಲ್ಲದ ಜಾಗದಲ್ಲಿ ಮಲಗಿದವರು ಇನ್ನೊಂದು ಗುಂಪು.

ಬಾಡಿಗೆ ಕಟ್ಟಲಾಗದೆ ಇಬ್ಬರು ಮಕ್ಕಳ ಜತೆ ಅಕ್ಕನ ಮನೆಯ ಹಾಲ್‌ನಲ್ಲಿ ಮಲಗುವ ಹೆಂಗಸು? ಈ ಲೆಕ್ಕದಲ್ಲಿ ಅವಳಿಲ್ಲ. ಅವಳ ಮಕ್ಕಳು ಮಾತ್ರ ಶಾಲೆಯ ಲೆಕ್ಕದಲ್ಲಿ ಇರುತ್ತಾರೆ. ಯಾಕೆಂದರೆ ಅಲ್ಲಿನ ಶಿಕ್ಷಣ ಇಲಾಖೆಯ ನಿಯಮದಲ್ಲಿ, ಗತಿಯಿಲ್ಲದೆ ಇನ್ನೊಬ್ಬರ ಮನೆ ಸೇರಿಕೊಂಡ ಮಕ್ಕಳೂ ಮನೆ ಇಲ್ಲದವರೇ. ಒಂದೇ ಊರು, ಒಂದೇ ಕುಟುಂಬ, ಎರಡು ಸರ್ಕಾರಿ ಅಂಕಿ. ಹಾಗಾಗಿ ಯಾರಾದರೂ ಒಂದು ಸಂಖ್ಯೆ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿ ಯಾರನ್ನು ಬಿಟ್ಟಿದ್ದೀರಿ?

ಹೆಜ್ಜೆ 2: ರಾತ್ರಿ ಆರಿಸಿ, ನಕ್ಷೆ ಹಂಚಿ

ಕೇಂದ್ರದ ನಿಯಮದಂತೆ ಎಣಿಕೆ ಜನವರಿಯ ಕೊನೆಯ ಹತ್ತು ದಿನಗಳಲ್ಲಿ ನಡೆಯಬೇಕು. ಚಳಿ ಇರುವುದರಿಂದ ಒಳಗೆ ಹೋಗಲು ಸಾಧ್ಯ ಇರುವವರು ಆಶ್ರಯ ಕೇಂದ್ರಕ್ಕೆ ಹೋಗಿರುತ್ತಾರೆ. ಅಲ್ಲಿನ ಲೆಕ್ಕ ಹಾಸಿಗೆ ನೋಡಿ ಪಕ್ಕಾ ಸಿಗುತ್ತದೆ. ಲಾಸ್ ಏಂಜಲಿಸ್ ದೊಡ್ಡದಾದ್ದರಿಂದ ಒಂದೇ ರಾತ್ರಿ ಸಾಲದು. ಮೂರು ರಾತ್ರಿ ಬೇಕು, ಸಾವಿರಾರು ಸ್ವಯಂಸೇವಕರು ಬೇಕು. ಜನಗಣತಿಗೆ ಮಾಡಿದ ಸಣ್ಣ ಸಣ್ಣ ವಿಭಾಗಗಳ ನಕ್ಷೆಯನ್ನೇ ತಂಡಗಳಿಗೆ ಹಂಚುತ್ತಾರೆ. 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಮತ್ತು ಈಟನ್ ಎಂಬ ಎರಡು ಕಾಳ್ಗಿಚ್ಚುಗಳು ಈ ಕೌಂಟಿಯ ಬಡಾವಣೆಗಳನ್ನೇ ಸುಟ್ಟವು. ಆ ವರ್ಷ ಎಣಿಕೆ ಫೆಬ್ರುವರಿ 18ರಿಂದ 20ಕ್ಕೆ ಹೋಯಿತು.

ಹೆಜ್ಜೆ 3: ನಿದ್ದೆ ಕೆಡಿಸದೆ ಎಣಿಸಿ

ಮೂರ್ನಾಲ್ಕು ಜನರ ತಂಡ. ಒಬ್ಬರು ಗಾಡಿ ಓಡಿಸುತ್ತಾರೆ, ಒಬ್ಬರು ನಕ್ಷೆ ನೋಡುತ್ತಾರೆ, ಒಬ್ಬರು ಗುರುತು ಹಾಕುತ್ತಾರೆ. ಬಯಲಲ್ಲಿ ಮಲಗಿದವರನ್ನು ತಲೆ ಲೆಕ್ಕದಲ್ಲಿ ಎಣಿಸುತ್ತಾರೆ. ಟೆಂಟು, ಟಾರ್ಪಾಲಿನ ಗುಡಾರ, ಜನ ವಾಸ ಮಾಡುವ ಕಾರು, ವ್ಯಾನು, ಮೋಟಾರ್‌ಹೋಮ್ ಇವನ್ನು ಹೊರಗಿನಿಂದಲೇ ಎಣಿಸುತ್ತಾರೆ. ಟೆಂಟಿನ ಬಾಯಿ ತೆರೆದು ಇಣುಕುವ ಹಾಗಿಲ್ಲ. ಮಲಗಿದವರನ್ನು ಎಬ್ಬಿಸುವ ಹಾಗಿಲ್ಲ. ಫೋಟೊ ತೆಗೆಯುವ ಹಾಗಿಲ್ಲ. ಟೆಂಟು ಒಬ್ಬರ ಮಲಗುವ ಕೋಣೆ, ನಿಮ್ಮ ಮಲಗುವ ಕೋಣೆಗೆ ನಡುರಾತ್ರಿ ಯಾರಾದರೂ ಟಾರ್ಚ್ ಬಿಟ್ಟರೆ ಹೇಗಿರುತ್ತದೆ ಎಂದು ಯೋಚಿಸಿ. ನದಿ ಪಾತ್ರ, ಪಾಳುಬಿದ್ದ ಜಾಗಗಳಂಥ ಕಡೆ ಸ್ವಯಂಸೇವಕರನ್ನು ಕಳಿಸುವುದಿಲ್ಲ. ಆ ಜಾಗ ಗೊತ್ತಿರುವ ಪಳಗಿದ ಕಾರ್ಯಕರ್ತರೇ ಹೋಗುತ್ತಾರೆ.

ಹಾಗಾದರೆ ಟೆಂಟಿನೊಳಗೆ ಎಷ್ಟು ಜನ ಇದ್ದಾರೆಂದು ತಿಳಿಯುವುದು ಹೇಗೆ? ಇದಕ್ಕೆ ಬೇರೆಯದೇ ಸಮೀಕ್ಷೆ ಇದೆ. ಕಾರ್ಯಕರ್ತರು ಹಗಲು ಹೊತ್ತು ಸಾವಿರಾರು ಜನರ ಜತೆ ಕೂತು ಮಾತಾಡುತ್ತಾರೆ. ವಯಸ್ಸು, ಕಾಯಿಲೆ, ಎಷ್ಟು ದಿನದಿಂದ ಹೊರಗಿದ್ದೀರಿ, ಟೆಂಟಿನಲ್ಲಿ ನಿಮ್ಮ ಜತೆ ಯಾರಿದ್ದಾರೆ ಎಂದು ಕೇಳುತ್ತಾರೆ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರದ ತಂಡ ಇದರಿಂದ ಒಂದು ಟೆಂಟಿಗೆ ಸರಾಸರಿ ಎಷ್ಟು ಜನ, ಒಂದು ವ್ಯಾನಿಗೆ ಎಷ್ಟು ಎಂದು ಲೆಕ್ಕ ಹಾಕುತ್ತದೆ. ತಿಳಿಯಲೆಂದು ಸುಮ್ನೆ ಒಂದು ಅಂಕಿ ಇಟ್ಟುಕೊಳ್ಳೋಣ. ಟೆಂಟಿಗೆ ಸರಾಸರಿ 1.4 ಜನ ಎಂದಾದರೆ, ಬೀದಿಯಲ್ಲಿ ಕಂಡ 10 ಟೆಂಟು 14 ಜನ ಎಂದಾಗುತ್ತದೆ.

ಅಂದರೆ ಪತ್ರಿಕೆಯಲ್ಲಿ ಬರುವ ಸಂಖ್ಯೆಯಲ್ಲಿ ಸ್ವಲ್ಪ ಭಾಗ ಕಣ್ಣಿಗೆ ಕಂಡದ್ದು, ಸ್ವಲ್ಪ ಭಾಗ ಅಂದಾಜು. ಅದರಲ್ಲಿ ತಪ್ಪಿಲ್ಲ. ಆದರೆ ಅಂದಾಜು ಎಲ್ಲಿ ಜಾರುತ್ತದೆಂದು ಗೊತ್ತಿರಬೇಕು. ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2021ರಿಂದ ಲಾಸ್ ಏಂಜಲಿಸ್ ನಗರದ ಹಾಲಿವುಡ್, ವೆನಿಸ್, ಸ್ಕಿಡ್ ರೋ ಎಂಬ ಮೂರು ಕಡೆ ತನ್ನದೇ ಎಣಿಕೆ ನಡೆಸುತ್ತಿದೆ. ಅದಕ್ಕೆ ಸಂಬಳದ, ತರಬೇತಿ ಪಡೆದ ಜನರಿದ್ದಾರೆ, ವರ್ಷದಲ್ಲಿ ಹಲವು ಸಲ ಹೋಗುತ್ತಾರೆ. ಅವರಿಗೆ ಸರ್ಕಾರಿ ಲೆಕ್ಕಕ್ಕಿಂತ ಜಾಸ್ತಿ ಜನ ಸಿಕ್ಕಿದ್ದಾರೆ. ಇನ್ನೊಂದು ಸಂಗತಿಯನ್ನೂ ಅವರು ಕಂಡರು. ಟೆಂಟುಗಳನ್ನು ತೆಗೆಸುತ್ತಾ ಹೋದಂತೆ, ಟೆಂಟೂ ಇಲ್ಲದೆ ಬರೀ ನೆಲದ ಮೇಲೆ ಮಲಗುವವರ ಪಾಲು ಏರಿತು. ಟೆಂಟು ದೂರದಿಂದಲೇ ಕಾಣುತ್ತದೆ. ಗೋಡೆ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದವನು ಕಾಣುವುದಿಲ್ಲ.

ಹೆಜ್ಜೆ 4: ಸಂಖ್ಯೆಯನ್ನು ಬಿಡಿಸಿ ಓದಿ

2023ರಲ್ಲಿ ಕೌಂಟಿಯ ಒಟ್ಟು ಸಂಖ್ಯೆ 75,518. 2024ರಲ್ಲಿ 75,312. ಏನೂ ಆಗಿಲ್ಲ ಅನ್ನಿಸುತ್ತದೆ. ಬಿಡಿಸಿ ನೋಡಿ. 2023ರಲ್ಲಿ ಬೀದಿಯಲ್ಲಿದ್ದವರು 55,155, ಆಶ್ರಯದಲ್ಲಿದ್ದವರು 20,363. ಮರುವರ್ಷ ಬೀದಿಯಲ್ಲಿ 52,365, ಆಶ್ರಯದಲ್ಲಿ 22,947. ಎರಡೂವರೆ ಸಾವಿರಕ್ಕೂ ಜಾಸ್ತಿ ಹಾಸಿಗೆಗಳು ತುಂಬಿದವು. ಆದರೆ ಅಷ್ಟು ಜನರಿಗೆ ಮನೆ ಸಿಕ್ಕಿತು ಎಂದು ಇದರ ಅರ್ಥವಲ್ಲ. ಬೀದಿಯಿಂದ ಒಳಗೆ ಬಂದರು, ಅಷ್ಟೆ.

ಇನ್ನೊಂದು ಲೆಕ್ಕ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. 2020ರ ಎಣಿಕೆಯ ಜತೆ, ಅದನ್ನು ನಡೆಸುವ ಪ್ರಾಧಿಕಾರ (ನಗರ ಮತ್ತು ಕೌಂಟಿಯ ಜಂಟಿ ಸಂಸ್ಥೆ) ದಿನದ ಸರಾಸರಿಯನ್ನೂ ಕೊಟ್ಟಿತ್ತು. ದಿನಕ್ಕೆ 207 ಜನ ಬೀದಿ ಬದುಕಿನಿಂದ ಹೊರಗೆ ಬರುತ್ತಿದ್ದರು. ಅದೇ ದಿನ 227 ಜನ ಹೊಸದಾಗಿ ಮನೆ ಕಳೆದುಕೊಳ್ಳುತ್ತಿದ್ದರು. ವ್ಯತ್ಯಾಸ ಬರೀ 20. ವರ್ಷಕ್ಕೆ ಗುಣಿಸಿ: 7,300. ಒಟ್ಟು ಸಂಖ್ಯೆ 2019ರಲ್ಲಿ 58,936 ಇದ್ದದ್ದು 2020ರಲ್ಲಿ 66 ಸಾವಿರ ದಾಟಿತು. ದಿನಕ್ಕೆ ಇನ್ನೂರು ಜನರನ್ನು ಹೊರಗೆ ತಂದ ಕಾರ್ಯಕರ್ತರು ಸುಮ್ಮನೆ ಕೂತವರಲ್ಲ. ಆದರೂ ಊರಿನವರ ಕಣ್ಣಿಗೆ ಕಂಡದ್ದು ಹೆಚ್ಚಿದ ಟೆಂಟುಗಳು. ಅದಕ್ಕೇ ನಿಮ್ಮ ಗೋಡೆ ಮೇಲೆ ಎರಡು ಅಂಕಿ ಇರಲಿ: ಇವತ್ತು ಬಂದವರೆಷ್ಟು, ಹೋದವರೆಷ್ಟು.

ಹೋದವರು ಎಲ್ಲಿಗೆ ಹೋದರು ಎಂದೂ ಕೇಳಿ. 2023ರಲ್ಲಿ ಈ ಕೌಂಟಿಯಲ್ಲಿ ಮನೆ ಇಲ್ಲದವರಲ್ಲಿ 2,500ಕ್ಕೂ ಜಾಸ್ತಿ ಜನ ತೀರಿಕೊಂಡರು. ದಿನಕ್ಕೆ ಆರೇಳು ಸಾವು. ಅವರೂ ಪಟ್ಟಿಯಿಂದ ಹೋದವರೇ.

ಯಾರು ಜಾಸ್ತಿ ಇದ್ದಾರೆ ಎಂಬುದನ್ನೂ ನೋಡಿ. ಕೌಂಟಿಯ ಜನಸಂಖ್ಯೆಯಲ್ಲಿ ಕಪ್ಪು ಜನರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಮನೆ ಇಲ್ಲದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು. ಯಾರಿಗೆ ಮನೆ ಬಾಡಿಗೆಗೆ ಕೊಡುತ್ತಿದ್ದರು, ಯಾರಿಗೆ ಸಾಲ ಕೊಡುತ್ತಿದ್ದರು, ಯಾರನ್ನು ಜೈಲಿಗೆ ಹಾಕುತ್ತಿದ್ದರು ಎಂಬ ಹಳೆಯ ಅನ್ಯಾಯಗಳೆಲ್ಲ ಈ ಅಂಕಿಯಲ್ಲಿ ಬಂದು ಕೂತಿವೆ.

ಹೆಜ್ಜೆ 5: ಸಂಖ್ಯೆ ಬಿಟ್ಟು ಹೆಸರು ಬರೆಯಿರಿ

ಜನವರಿಯ ಎಣಿಕೆಯಲ್ಲಿ ಯಾರ ಹೆಸರೂ ಇಲ್ಲ. ಮನೆ ಕೊಡುವುದು ಮಾತ್ರ ಹೆಸರಿರುವ ಮನುಷ್ಯರಿಗೇ. ಅದಕ್ಕೆ ಆಶ್ರಯ ಕೇಂದ್ರ, ಆಸ್ಪತ್ರೆ, ಬೀದಿ ಕಾರ್ಯಕರ್ತರು ಎಲ್ಲರೂ ಬಳಸುವ ಒಂದೇ ದಾಖಲೆ ವ್ಯವಸ್ಥೆ ಬೇಕು. ಇಲ್ಲದಿದ್ದರೆ ಒಬ್ಬ ಮುದುಕ ಐದು ಸಂಸ್ಥೆಗಳಿಗೆ ಐದು ಸಲ ತನ್ನ ಕಷ್ಟ ಹೇಳಿಕೊಳ್ಳಬೇಕಾಗುತ್ತದೆ.

ಹೆಸರು ಬರೆದ ಮೇಲೆ ಶುರುವಾಗುವುದು ಕಾಗದಪತ್ರದ ಕೆಲಸ. ಗುರುತಿನ ಚೀಟಿ, ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್. ಬೀದಿ ಸ್ವಚ್ಛ ಮಾಡುವ ಹೆಸರಿನಲ್ಲಿ ಟೆಂಟು ಎತ್ತಿಸಿದಾಗ ಎಷ್ಟೋ ಸಲ ಇವೂ ಕಸದ ಲಾರಿಗೆ ಹೋಗುತ್ತವೆ. ತಿಂಗಳುಗಟ್ಟಲೆ ಓಡಾಡಿ ಮಾಡಿಸಿದ ಕಾಗದ ಒಂದು ಬೆಳಗ್ಗೆ ಇಲ್ಲ. ಮತ್ತೆ ಮೊದಲಿಂದ. ಒಂದು ಕೈಯಲ್ಲಿ ಕಾಗದ ಮಾಡಿಸಿ ಇನ್ನೊಂದು ಕೈಯಲ್ಲಿ ಅದನ್ನೇ ಬಿಸಾಡುವ ಆಡಳಿತ ನಿಮ್ಮದಾಗದಿರಲಿ. ಆ ಎರಡು ಇಲಾಖೆಗಳನ್ನು ಒಂದೇ ಮೇಜಿನ ಮುಂದೆ ಕೂರಿಸಿ.

ಈ ಕೆಲಸದಲ್ಲಿ ಹೆಸರು ಮಾಡಿದ್ದು ಟೆಕ್ಸಸ್‌ನ ಹ್ಯೂಸ್ಟನ್ ನಗರ ಮತ್ತು ಅದು ಇರುವ ಹ್ಯಾರಿಸ್ ಕೌಂಟಿ. ಅಲ್ಲಿ ನೂರಕ್ಕೂ ಜಾಸ್ತಿ ಸಂಸ್ಥೆಗಳು ಒಂದೇ ಪಟ್ಟಿ, ಒಂದೇ ಯೋಜನೆಗೆ ಒಪ್ಪಿದವು. 2011ಕ್ಕೆ ಹೋಲಿಸಿದರೆ ಅಲ್ಲಿ ಮನೆ ಇಲ್ಲದವರ ಸಂಖ್ಯೆ ಶೇ 60ಕ್ಕೂ ಜಾಸ್ತಿ ಇಳಿಯಿತು. ಅಲ್ಲಿ ಬಾಡಿಗೆ ಲಾಸ್ ಏಂಜಲಿಸ್‌ಗಿಂತ ಬಹಳ ಕಡಿಮೆ ಎಂಬುದನ್ನೂ ಹೇಳಲೇಬೇಕು.

ಹೆಜ್ಜೆ 6: ಮೊದಲು ಮನೆ ಕೊಡಿ

'ಕುಡಿತ ಬಿಡು, ಕೆಲಸ ಹಿಡಿ, ಆಮೇಲೆ ಮನೆ' ಎಂಬುದು ಹಳೆಯ ದಾರಿ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ತಿರುಗಿಸಿದರು. ಮೊದಲು ಬೀಗದ ಕೈ, ಆಮೇಲೆ ಚಿಕಿತ್ಸೆ. ಬೀದಿಯಲ್ಲಿ ಮಲಗಿಕೊಂಡು ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಲು ಯಾರಿಂದ ಆಗುತ್ತದೆ?

ಎಲ್ಲರಿಗೂ ಒಂದೇ ಬಗೆಯ ಸಹಾಯ ಬೇಕಾಗಿಲ್ಲ. ಕೆಲಸ ಹೋಗಿ ಬೀದಿಗೆ ಬಿದ್ದ ಗಟ್ಟಿಮುಟ್ಟಾದ ವ್ಯಕ್ತಿಗೆ ಅಡ್ವಾನ್ಸ್ ಮತ್ತು ಕೆಲವು ತಿಂಗಳ ಬಾಡಿಗೆ ಸಾಕಾಗಬಹುದು. ವರ್ಷಗಟ್ಟಲೆ ಹೊರಗಿದ್ದು ಕಾಯಿಲೆ ಬಿದ್ದವರಿಗೆ ಬಾಡಿಗೆಯ ನೆರವೂ ಬೇಕು, ನೋಡಿಕೊಳ್ಳುವ ಸಿಬ್ಬಂದಿಯೂ ಬೇಕು. ಬಾಡಿಗೆಗೆ ನೆರವಾಗುವ ಅಲ್ಲಿನ ಸರ್ಕಾರಿ ವೋಚರ್ ಇದ್ದರೆ ಬಾಡಿಗೆದಾರ ಸಾಮಾನ್ಯವಾಗಿ ತನ್ನ ಆದಾಯದ ಶೇ 30ರಷ್ಟು ಕಟ್ಟುತ್ತಾನೆ, ಉಳಿದದ್ದು ಸರ್ಕಾರದ್ದು.

ಕಟ್ಟುವುದು ನಿಧಾನ, ದುಬಾರಿ. 2016ರ ನವೆಂಬರ್‌ನಲ್ಲಿ ಲಾಸ್ ಏಂಜಲಿಸ್ ನಗರದ ಮತದಾರರು ಇದಕ್ಕೆಂದೇ 120 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಮೊದಲ ಕಟ್ಟಡಕ್ಕೆ ಜನ ಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. 2021ರ ಸುಮಾರಿಗೆ ಕಟ್ಟುತ್ತಿದ್ದ ಒಂದೊಂದು ಮನೆಯ ಸರಾಸರಿ ವೆಚ್ಚ 6 ಲಕ್ಷ ಡಾಲರ್ ಮುಟ್ಟಿತ್ತು. ಹಾಗಾಗಿ ಕಟ್ಟುವುದರ ಜತೆಗೆ ಇರುವುದನ್ನು ಬಳಸಿ. ಕೋವಿಡ್ ಕಾಲದಲ್ಲಿ ಕ್ಯಾಲಿಫೋರ್ನಿಯಾ ಖಾಲಿ ಹೋಟೆಲು, ಮೋಟೆಲುಗಳನ್ನು ಕೊಂಡು ವಸತಿ ಮಾಡಿತು. ಲಾಸ್ ಏಂಜಲಿಸ್ ನಗರದ ಮೇಯರ್ ಆಗಿ ಕರೆನ್ ಬಾಸ್ 2022ರ ಡಿಸೆಂಬರ್‌ನಲ್ಲಿ ಶುರುಮಾಡಿದ ಯೋಜನೆಯಲ್ಲೂ ಒಂದು ಕಡೆ ಟೆಂಟು ಹಾಕಿಕೊಂಡವರನ್ನು ಒಟ್ಟಾಗಿ ಮೋಟೆಲಿಗೆ ಕರೆದೊಯ್ಯುತ್ತಾರೆ. ಅಕ್ಕಪಕ್ಕದ ಟೆಂಟಿನವರು ಒಟ್ಟಿಗೇ ಹೋಗುವುದರಿಂದ ಜನ ಧೈರ್ಯವಾಗಿ ಒಪ್ಪುತ್ತಾರೆ. ಮೋಟೆಲಿನಿಂದ ಮುಂದೆ ಸ್ವಂತ ಬಾಡಿಗೆ ಮನೆಗೆ ಸಾಗಿಸುವುದೇ ಅಲ್ಲಿ ಕಷ್ಟವಾಗಿರುವ ಭಾಗ.

ದುಡ್ಡಿನ ಲೆಕ್ಕ ಗಟ್ಟಿ ಇರಲಿ. ಕೌಂಟಿಯ ಜನ 2017ರಲ್ಲಿ ಈ ಕೆಲಸಕ್ಕಾಗಿ ಡಾಲರ್‌ಗೆ ಕಾಲು ಸೆಂಟ್ ಮಾರಾಟ ತೆರಿಗೆ ಒಪ್ಪಿದರು, 2024ರಲ್ಲಿ ಅದನ್ನು ಅರ್ಧ ಸೆಂಟ್‌ಗೆ ಏರಿಸಲು ಒಪ್ಪಿದರು. ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡ ಜನ ಅವರು. ಆದರೆ ನಗರದ ಸುಮಾರು 240 ಕೋಟಿ ಡಾಲರ್ ಕಾರ್ಯಕ್ರಮಗಳ ಬಗ್ಗೆ ಕೋರ್ಟು ಹೇಳಿ ಮಾಡಿಸಿದ ಲೆಕ್ಕ ತಪಾಸಣೆ 2025ರ ಮಾರ್ಚ್‌ನಲ್ಲಿ ಹೊರಬಂದಾಗ, ಎಷ್ಟು ಹಣ ಯಾವ ಸೇವೆಗೆ ಹೋಯಿತೆಂದು ಪೂರ್ತಿ ಹೇಳಲು ಆಗಲಿಲ್ಲ. ಮರುತಿಂಗಳೇ ಕೌಂಟಿ ಮಂಡಳಿ, 1993ರಿಂದ ಇದ್ದ ಜಂಟಿ ಪ್ರಾಧಿಕಾರದಿಂದ 30 ಕೋಟಿ ಡಾಲರ್‌ಗೂ ಜಾಸ್ತಿ ಹಣವನ್ನು ತನ್ನದೇ ಹೊಸ ಇಲಾಖೆಗೆ ಒಯ್ಯಲು ತೀರ್ಮಾನಿಸಿತು.

ಹೆಜ್ಜೆ 7: ಬೀದಿಗೆ ಬರುವ ಮೊದಲೇ ಹಿಡಿದುಕೊಳ್ಳಿ

ಆ 227 ಎಂಬ ಅಂಕಿ ನೆನಪಿದೆಯಲ್ಲ? ಅದನ್ನು ಇಳಿಸುವ ದಾರಿ ಇದು. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ರಾಜ್ಯದ ಸುಮಾರು 3,200 ಮನೆ ಇಲ್ಲದವರನ್ನು ಮಾತಾಡಿಸಿ ವರದಿ ಕೊಟ್ಟರು. ಹತ್ತರಲ್ಲಿ ಒಂಬತ್ತು ಜನ ಕೊನೆಯ ಮನೆ ಕಳೆದುಕೊಂಡದ್ದು ಕ್ಯಾಲಿಫೋರ್ನಿಯಾದಲ್ಲೇ. 'ಇವರೆಲ್ಲ ಹೊರಗಿನಿಂದ ಬಂದವರು' ಎಂಬ ಮಾತಿಗೆ ಇದೇ ಉತ್ತರ. ಮನೆ ಕಳೆದುಕೊಳ್ಳುವ ಮುಂಚಿನ ಆರು ತಿಂಗಳಲ್ಲಿ ಅವರ ಮನೆಯ ತಿಂಗಳ ಆದಾಯದ ನಡುಮಟ್ಟ 960 ಡಾಲರ್. ಅಲ್ಲಿ ಅಷ್ಟಕ್ಕೆ ಒಂದು ಕೋಣೆಯ ಮನೆ ಸಿಗುವುದೂ ಕಷ್ಟ. ತಮ್ಮ ಹೆಸರಿಗೆ ಬಾಡಿಗೆ ಕರಾರು ಇಲ್ಲದವರಿಗೆ 'ಮನೆ ಖಾಲಿ ಮಾಡು' ಎಂದು ಗೊತ್ತಾದದ್ದು ಸಾಮಾನ್ಯವಾಗಿ ಒಂದು ದಿನ ಮುಂಚೆ. ತಿಂಗಳಿಗೆ 300ರಿಂದ 500 ಡಾಲರ್ ಸಹಾಯ ಸಿಕ್ಕಿದ್ದರೆ ಮನೆ ಉಳಿಯುತ್ತಿತ್ತು ಎಂದವರು ಶೇ 70ರಷ್ಟು. ಒಂದು ಮನೆ ಕಟ್ಟುವ 6 ಲಕ್ಷದ ಪಕ್ಕದಲ್ಲಿ ಈ 300 ಡಾಲರ್ ಇಟ್ಟು ನೋಡಿ.

ಆದರೆ ಮನೆ ಕಳೆದುಕೊಳ್ಳಲಿರುವವರು ಯಾರೆಂದು ಮುಂಚೆಯೇ ತಿಳಿಯುವುದು ಹೇಗೆ? ಬಾಡಿಗೆ ಬಾಕಿ ಇರುವವರೆಲ್ಲ ಬೀದಿಗೆ ಬೀಳುವುದಿಲ್ಲ. ಬೀಳುವವರು ಎಷ್ಟೋ ಸಲ ಸಹಾಯ ಕೇಳಿಕೊಂಡು ಬರುವುದೂ ಇಲ್ಲ. ಲಾಸ್ ಏಂಜಲಿಸ್ ಕೌಂಟಿ ಇದಕ್ಕೆ ಕಂಪ್ಯೂಟರಿನ ಸಹಾಯ ಪಡೆದಿದೆ. ಯಾರು ಪದೇ ಪದೇ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು, ಯಾರು ಜೈಲಿನಿಂದ ಬಿಡುಗಡೆಯಾದರು, ಯಾರ ನೆರವಿನ ಹಣ ಏರುಪೇರಾಯಿತು ಎಂಬ ತನ್ನದೇ ಇಲಾಖೆಗಳ ದಾಖಲೆಯಿಂದ, ಹೆಚ್ಚು ಅಪಾಯದಲ್ಲಿರುವವರ ಪಟ್ಟಿ ಮಾಡುತ್ತದೆ. ಆಮೇಲೆ ಕಾರ್ಯಕರ್ತರು ತಾವಾಗಿಯೇ ಫೋನ್ ಮಾಡುತ್ತಾರೆ. ಎಷ್ಟೋ ಜನ ಮೊದಲು ಇದು ಮೋಸದ ಕರೆ ಅಂದುಕೊಳ್ಳುತ್ತಾರೆ. ಸರ್ಕಾರ ತಾನಾಗಿ ಫೋನ್ ಮಾಡಿ 'ನಿಮ್ಮ ಬಾಕಿ ಬಾಡಿಗೆ ಎಷ್ಟಿದೆ, ನಾವು ಕಟ್ಟುತ್ತೇವೆ' ಎಂದರೆ ಯಾರು ತಾನೇ ನಂಬುತ್ತಾರೆ? ಹಾಗಾಗಿ ಒಂದು ಸಲ ಫೋನ್ ಇಟ್ಟರೆಂದು ಹೆಸರು ಹೊಡೆದು ಹಾಕಬೇಡಿ. ಮರುದಿನ ಮತ್ತೆ ಮಾಡಿ. ಆಗಲೂ ನಂಬದಿದ್ದರೆ, ಕಚೇರಿಯ ನಂಬರ್ ಕೊಟ್ಟು ಅವರೇ ತಿರುಗಿ ಕರೆ ಮಾಡಿ ಖಚಿತ ಮಾಡಿಕೊಳ್ಳಲು ಹೇಳಿ.