ಅಟ್ಟದ ಮೇಲಿದ್ದ ಸಿರಪ್

ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟಗಳ ಕೂಲಿಯವರ ಲೈನ್ ಮನೆಗಳಿಗೆ ನಾನು ಆಶಾ ಕಾರ್ಯಕರ್ತೆಯಾಗಿ ಹೋಗುತ್ತೇನೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆರಡು ಸಲ ಒಂದೊಂದು ಮಿಲಿ ಕಬ್ಬಿಣದ ಸಿರಪ್ ಕೊಡಿಸುವುದು ನನ್ನ ಕೆಲಸ. ಬಾಟಲಿ ಹಂಚಿದರೆ ಮುಗಿಯಿತು ಎಂದೇ ಮೊದಲು ತಿಳಿದಿದ್ದೆ.

ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಒಂದು ಮನೆಗೆ ಹೋದಾಗ ಎರಡೂವರೆ ವರ್ಷದ ಹುಡುಗಿ ಗೋಡೆ ಕೆರೆದು ತಿನ್ನುತ್ತಿದ್ದಳು. ಉಗುರುಸಂದಿಯಲ್ಲೆಲ್ಲ ಸುಣ್ಣ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಕೆಂಪೇ ಇಲ್ಲ. ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿದರೆ ಹಿಮೋಗ್ಲೋಬಿನ್ 7.8. ಆ ವಯಸ್ಸಿಗೆ 11 ಇರಬೇಕು. ನಾನು ಕೊಟ್ಟ ಬಾಟಲಿ ಅಟ್ಟದ ಮೇಲೆ ಮುಕ್ಕಾಲು ತುಂಬಿಯೇ ಕೂತಿತ್ತು. ತಾಯಿಗೆ ಬೈದೆ.

"ಕೊಟ್ಟೆ ಅಕ್ಕಾ. ಮಗುವಿನ ಕಕ್ಕ ಕರ್ರಗಾಯ್ತು. ಹೊಟ್ಟೆ ಸುಟ್ಟಿತೇನೋ ಅಂತ ನಿಲ್ಲಿಸಿಬಿಟ್ಟೆ."

ಕಬ್ಬಿಣ ಕುಡಿದರೆ ಹಾಗಾಗುತ್ತದೆ, ಹೆದರಬೇಡಿ ಎಂದು ನಾನು ಹೇಳಿಯೇ ಇರಲಿಲ್ಲ. ಆ ತಪ್ಪು ನನ್ನದೇ.

ಮತ್ತೊಂದು ದಿನ ಬೆಳಿಗ್ಗೆಯೇ ಹೋಗಿ ಕೂತೆ. ಕೊಯ್ಲಿಗೆ ಕೂಲಿ ಕೆಜಿ ಲೆಕ್ಕ. ತಾಯಿ ಬೇಗ ಹೊರಟಷ್ಟೂ ಚೀಲ ತುಂಬುತ್ತದೆ. ಮಗು ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ಸಂಜೆಯವರೆಗೆ ಅದಕ್ಕೆ ಸಿಗುವುದು ಬೆಲ್ಲದ ಕರಿಕಾಫಿಯಲ್ಲಿ ಅದ್ದಿದ ಬನ್ನು. ಕಾಫಿ, ಚಹಾ ಹೊಟ್ಟೆಯಲ್ಲಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅಂಗನವಾಡಿಯಲ್ಲಿ ಮೊಟ್ಟೆ ಇದೆ, ಆದರೆ ಆನೆ ಓಡಾಡುವ ದಾರಿಯಲ್ಲಿ ಆ ಪುಟ್ಟ ಹುಡುಗಿ ತಂಗಿಯನ್ನು ಎತ್ತಿಕೊಂಡು ಹೋಗುವುದು ಹೇಗೆ?

ವೈದ್ಯರು ತೂಕ ನೋಡಿ ದಿನಾ ಕುಡಿಸಲು ಬರೆದ ಸಿರಪ್ಪನ್ನು ರಾತ್ರಿಗೆ ಇಟ್ಟೆವು, ತಾಯಿ ಮನೆಯಲ್ಲಿರುವ ಹೊತ್ತಿಗೆ. ಕುಡಿಸಿದ ದಿನ ಅಕ್ಕ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೀಟು ಹಾಕುತ್ತಿದ್ದಳು. ಗಂಜಿಗೆ ನಿಂಬೆಹುಳಿ, ಸಂತೆಯ ದಿನ ಒಣಮೀನು, ಗದ್ದೆಯಲ್ಲಿ ಏಡಿ ಸಿಕ್ಕರೆ ಅದರ ಸಾರು. ಇವೆಲ್ಲ ಅವರಿಗೆ ಗೊತ್ತಿದ್ದ ಊಟವೇ. ಮಗುವಿನ ಪಾಲು ಮೊದಲು ತೆಗೆದಿಡಿ ಎಂದಷ್ಟೇ ನಾನು ಹೇಳಿದ್ದು. ಬರಿಗಾಲಲ್ಲಿ ತೋಟ ಸುತ್ತುವ ಮಕ್ಕಳ ಪಾದದಿಂದ ಕೊಕ್ಕೆಹುಳು ಒಳಹೊಕ್ಕು, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ, ಹಾಗಾಗಿ ಜಂತುಹುಳದ ಮಾತ್ರೆಯನ್ನೂ ಪುಡಿ ಮಾಡಿ ನನ್ನೆದುರೇ ತಿನ್ನಿಸಿದೆ.

ಎರಡು ತಿಂಗಳಿಗೆ 10.4 ಬಂತು. ಗೋಡೆ ಕೆರೆಯುವುದು ನಿಂತಿತು.

ಜುಲೈ ಮಳೆಗೆ ತೋಟದ ಕೆಲಸ ಇಳಿಯಿತು, ಒಣಮೀನೂ ನಿಂತಿತು. ಆಗಸ್ಟಿನಲ್ಲಿ ಮತ್ತೆ 9.1. ಈಗ ಕೆಲಸ ಇಳಿಯುವ ಮೊದಲೇ, ಮೇ ತಿಂಗಳಲ್ಲೇ, ಎಲ್ಲ ಮಕ್ಕಳ ರಕ್ತ ನೋಡಿಸಿಬಿಡುತ್ತೇನೆ.