ಶಿವರಾತ್ರಿಯಿಂದ ಯುಗಾದಿ ತನಕ: ಕುರ್ಚಿ ಬಿಟ್ಟು ಗುಡ್ಡದ ಕಡೆಗೆ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮಾರ್ಚ್ ಬಂತೆಂದರೆ ತಲೆ ಎತ್ತೋಕೆ ಪುರುಸೊತ್ತಿಲ್ಲ. ಸ್ಟಾಕ್ ತಾಳೆ ನೋಡಬೇಕು, ಬಾಕಿ ವಸೂಲಿ ಮಾಡಬೇಕು, ಜಿಎಸ್‌ಟಿ ಕಟ್ಟಬೇಕು. ತಮಾಷೆ ಏನಂದರೆ, ನಮ್ಮ ಕಡೆ ಹೊರಗೆ ತಿರುಗಾಡೋಕೆ ಹೇಳಿ ಮಾಡಿಸಿದ ಕಾಲವೂ ಅದೇ. ಪಂಚಾಂಗದ ವಸಂತ ಯುಗಾದಿಗೆ ಶುರುವಾಗುತ್ತದೆ. ಆದರೆ ಅಷ್ಟೊತ್ತಿಗೆ ಇಲ್ಲಿನ ಬಂಡೆಗಳು ಕಾದ ಹಂಚಾಗಿರುತ್ತವೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದ ಮೇಲೆ, ಬಿಸಿಲು 40 ಡಿಗ್ರಿ ಕಡೆ ಮುಖ ಮಾಡುವ ಮುಂಚೆ ಒಂದು ತಿಂಗಳು ಸಿಗುತ್ತದೆ ನೋಡಿ, ಅದೇ ನಮ್ಮ ವಸಂತ. ಎಷ್ಟೋ ವರ್ಷ ಅದನ್ನು ಫ್ಯಾನಿನ ಕೆಳಗೆ ಕೂತು ಕಳೆದಿದ್ದೆ.

ಮೊದಲು ಹಿಡಿದದ್ದು ಸಮತಟ್ಟು ದಾರಿ. ಕಣ್ಣೆದುರಿಗೇ ಗುಡ್ಡಗಳಿದ್ದರೂ ಅತ್ತ ಹೋಗಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಮಣ್ಣು ದಾರಿಯಲ್ಲಿ, ಆಫೀಸಿಗೆ ಹೊರಡುವ ಮುಂಚೆ, ಸುಮ್ನೆ ನಡೆದೆ. ಈ ಕಾಲದಲ್ಲಿ ಆರೂವರೆ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಎಂಟರೊಳಗೆ ಮನೆಗೆ ಬಂದರೆ ಸ್ನಾನ, ತಿಂಡಿಗೆ ಟೈಮು ಸಾಕು. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷವಾದರೆ ಎರಡೂ ಕಡೆ ಭತ್ತ ಹಸಿರಾಗಿರುತ್ತದೆ. ಸಲಿಕೆ ಹಿಡಿದು ನೀರು ತಿರುಗಿಸುವವರ ಹಿಂದೆಯೇ ಬೆಳ್ಳಕ್ಕಿಗಳು ನಡೆಯುತ್ತವೆ. ಸಲಿಕೆ ಎತ್ತಿದರೂ ಹಾರುವುದಿಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತವೆ ಅಷ್ಟೇ. ಒಂದು ಮಾತು ಮಾತ್ರ ನೆನಪಿಡಿ. ಮುಖ ತೊಳೆಯೋಕೂ ಕಾಲುವೆಗೆ ಇಳಿಯಬೇಡಿ. ನೋಡೋಕೆ ಶಾಂತವಾಗಿದ್ದರೂ ನೀರಿನ ಸೆಳೆತ ಜೋರು, ಪಕ್ಕದ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ.

ನಿಧಾನವಾಗಿ ಶುರು ಮಾಡಿದ್ದಕ್ಕೆ ಕಾಲು ನೋವಿನ ಭಯವೊಂದೇ ಕಾರಣ ಅಲ್ಲ. ಬಿಸಿಲಿಗೆ ಮೈ ಒಗ್ಗೋಕೆ ಒಂದೆರಡು ವಾರ ಬೇಕು. ದಿನಾ ಸ್ವಲ್ಪ ಸ್ವಲ್ಪ ಬಿಸಿಲಲ್ಲಿ ನಡೆದರೆ ಮೈ ಬೇಗ ಬೆವರೋಕೆ ಕಲಿಯುತ್ತದೆ, ಬೆವರಿನಲ್ಲಿ ಉಪ್ಪು ಹೋಗುವುದೂ ಕಡಿಮೆಯಾಗುತ್ತದೆ. ವರ್ಷವಿಡೀ ಒಳಗೇ ಕೂತವರು ಒಂದು ಭಾನುವಾರ ಎದ್ದು ಹತ್ತು ಗಂಟೆಗೆ ಬೆಟ್ಟ ಹತ್ತುವುದು ಬೇಡ.

ಆಮೇಲೆ ಹನುಮಪ್ಪನ ಗುಡಿ ಇರುವ ಅಂಜನಾದ್ರಿ ಬೆಟ್ಟ. 575 ಮೆಟ್ಟಿಲು. ಮನೆಯಾಕೆ ಕೇಳಿದಳು, ‘ಮನಿ ಮಾಳಿಗಿ ಹತ್ತಾಕ ಉಸ್ಸಂತೀರಿ, ಅಂಜನಾದ್ರಿ ಯಾಕ್ರಿ ಬೇಕು?’ ಹತ್ತುವಾಗ ಉಸಿರು ಹತ್ತುವುದು ನಿಜ, ಕೂತರೆ ಸರಿ ಹೋಗುತ್ತದೆ. ತ್ರಾಸು ಇರುವುದು ಇಳಿಯುವಾಗ. ಇಡೀ ಮೈಭಾರ ಮೊಣಕಾಲಿನ ಮೇಲೆ ಬೀಳುತ್ತದೆ. ನಾನು ಕಂಬಿ ಹಿಡಿದು, ಸ್ವಲ್ಪ ಓರೆಯಾಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತೇನೆ. ಹುಡುಗರು ನಗುತ್ತಾರೆ, ನಗಲಿ. ಶನಿವಾರ ಅಲ್ಲಿ ಜನ ಜಾಸ್ತಿ. ನಡಿಗೆಗೆ ಅಂತ ಹೋಗುವವರಿಗೆ ಮಂಗಳವಾರ, ಶನಿವಾರ ಬಿಟ್ಟು ಉಳಿದ ದಿನ ಒಳ್ಳೆಯದು.

ಇಷ್ಟೆಲ್ಲ ತಯಾರಿ ಮಾಡಿದ್ದು ಹಿರೇಬೆಣಕಲ್ಲಿಗೆ. ಗಂಗಾವತಿಯಿಂದ ಹತ್ತಿರ. ಊರಿನಿಂದ ಬಂಡೆಗಳ ಮೇಲೆ ಹತ್ತುತ್ತಾ ಇಳಿಯುತ್ತಾ ಹೋದರೆ ಮೋರ್ಯರ ಗುಡ್ಡ ಸಿಗುತ್ತದೆ. ಹೋಗೋಕೆ ಒಂದು ತಾಸಿಗಿಂತ ಹೆಚ್ಚೇ ಬೇಕು. ಅಲ್ಲಿ ಸುಮಾರು 400 ಕಲ್ಲುಮನೆಗಳಿವೆ. ಮನೆ ಅನ್ನುತ್ತೇವೆ, ನಿಜಕ್ಕೂ ಅವು ಎರಡು ಸಾವಿರ ವರ್ಷಕ್ಕೂ ಹಿಂದಿನ ಕಬ್ಬಿಣ ಯುಗದವರ ಸಮಾಧಿಗಳು. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2021ರಲ್ಲಿ ಸೇರಿದ ಜಾಗ ಅದು. ನಮ್ಮೂರವರೇ ಎಷ್ಟೋ ಜನ ನೋಡಿಲ್ಲ, ಹಂಪಿಗೆ ಮಾತ್ರ ನೆಂಟರನ್ನು ಕರಕೊಂಡು ಹೋಗುತ್ತಾರೆ.

ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕೂ ಮೇಲೆ. ಎಷ್ಟೋ ಕಲ್ಲುಮನೆಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಕಿಂಡಿಯ ಅಂಚಿನ ಮೇಲೆ ಬೆರಳಾಡಿಸಿದೆ, ಎಲ್ಲೂ ಚುಚ್ಚುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಹೊರಗಿನ ಕಲ್ಲು ಬೆಚ್ಚಗಾಗಿತ್ತು, ಕಿಂಡಿಯೊಳಗೆ ಕೈ ಇಟ್ಟರೆ ಇನ್ನೂ ತಣ್ಣಗೆ. ಪಕ್ಕದಲ್ಲೇ ಒಂದು ಹೊಂಡ ಇದೆ, ಚಪ್ಪಡಿ ಕಲ್ಲು ತೆಗೆದದ್ದು ಅಲ್ಲಿಂದಲೇ ಅಂತಾರೆ. ದೊಡ್ಡ ಬಂಡೆಯ ನೆತ್ತಿಯ ಮೇಲೆ ನಗಾರಿ ಆಕಾರದ ಕಲ್ಲು ಕೂತಿದೆ. ಬಡಿದರೆ ದೂರದ ತನಕ ಕೇಳುತ್ತದಂತೆ. ನಾನು ಕೆಳಗಿನಿಂದಲೇ ನೋಡಿದೆ, ಆ ಬಂಡೆ ಹತ್ತುವ ವಯಸ್ಸು ನನ್ನದಲ್ಲ. ದಾರಿಯ ಬಂಡೆಗಳ ಅಡಿಯಲ್ಲಿ ಕೆಮ್ಮಣ್ಣಿನ ಚಿತ್ರಗಳೂ ಇವೆ. ದಯವಿಟ್ಟು ಅವುಗಳ ಮೇಲೆ ನೀರು ಚಿಮುಕಿಸಿ ಫೋಟೋ ತೆಗೆಯಬೇಡಿ.

ದಾರಿ ತೋರಿಸೋಕೆ ಊರಿನವರೊಬ್ಬರನ್ನು ಕರಕೊಂಡು ಹೋಗಿದ್ದೆ. ಇದು ಐಷಾರಾಮದ ಮಾತಲ್ಲ. ಬಂಡೆಗಳ ನಡುವೆ ದಾರಿ ಕವಲಾಗುತ್ತಾ ಹೋಗುತ್ತದೆ. ಈ ಗುಡ್ಡಸಾಲಿನಲ್ಲಿ ಕರಡಿ, ಚಿರತೆ ಎರಡೂ ಇವೆ. ಪೂರ್ತಿ ಬೆಳಕು ಹರಿದ ಮೇಲೇ ಹತ್ತಬೇಕು, ಗುಂಪಾಗಿ ಮಾತಾಡುತ್ತಾ ಹೋಗಬೇಕು, ಸಂಜೆಗಂತೂ ಅಲ್ಲಿರಲೇಬಾರದು. ನನಗೆ ಕರಡಿಗಿಂತ ಹೆಜ್ಜೇನಿನ ಭಯ ಹೆಚ್ಚು. ಹೂವಿನ ಕಾಲದಲ್ಲಿ ಎತ್ತರದ ಬಂಡೆಗಳ ಸಂದಿಯಲ್ಲಿ ತಟ್ಟಿ ಕಟ್ಟಿರುತ್ತವೆ. ಸೆಂಟು ಹಾಕಬೇಡಿ, ಬೀಡಿ ಹಚ್ಚಬೇಡಿ, ಕಲ್ಲು ಎಸೆಯಬೇಡಿ. ನಮ್ಮ ಜೊತೆ ಬಂದವರು ಒಂದು ಬಂಡೆ ತೋರಿಸಿ, ‘ಇಲ್ಲಿ ಬಾಯಿ ಮುಚ್ಕೊಂಡು ದಾಟ್ರಿ ಸರ’ ಅಂದರು. ದಾಟಿದೆವು.

ಗುಡ್ಡದ ಬುಡದಲ್ಲಿ ಮುತ್ತಲ ಗಿಡಗಳು ಎಲೆ ಉದುರಿಸಿ ಕೇಸರಿ ಹೂ ಬಿಟ್ಟಿದ್ದವು. ಊರ ಹತ್ತಿರ ಹುಣಸೆ ಬಡಿಯುತ್ತಿದ್ದರು, ಕೆಳಗೆ ಹೆಂಗಸರು ಆಯುತ್ತಿದ್ದರು. ಕೇಳದೇ ಒಂದು ಮುಷ್ಟಿ ಕೊಟ್ಟರು. ಇಂಥದ್ದಕ್ಕೆ ಅಂತಲೇ ಹೊರಗೆ ಬರಬೇಕು ಅಲ್ವಾ?

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ. ಬಿಸಿಲಿಗೆ ಕೆಡುವುದಿಲ್ಲ, ಭಾರವೂ ಇಲ್ಲ. ನೀರು ಒಬ್ಬರಿಗೆ ಎರಡು ಲೀಟರ್, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ಮೇಲೆ ಅಂಗಡಿ ಇಲ್ಲ. ಮಿರ್ಚಿ, ಒಗ್ಗರಣಿ ಏನಿದ್ದರೂ ಇಳಿದ ಮೇಲೆ. ಹೊರಡುವ ಮುಂಚೆ ಎಣ್ಣೆ ತಿಂಡಿ ತಿಂದು ಹತ್ತಿದರೆ ನೀರಡಿಕೆ ತಡೆಯೋಕಾಗುವುದಿಲ್ಲ. ತಲೆಗೆ ಟೊಪ್ಪಿಗೆಗಿಂತ ಹತ್ತಿ ಟವೆಲ್ ವಾಸಿ. ಒದ್ದೆ ಮಾಡಿ ಸುತ್ತಿಕೊಳ್ಳಬಹುದು.

ಯುಗಾದಿ ಆದ ಮೇಲೆ ಗುಡ್ಡದ ಕಡೆ ಹೋಗುವುದಿಲ್ಲ. ಕಾಲುವೆ ದಂಡೆಯ ನಡಿಗೆಯನ್ನು ಇನ್ನೂ ಅರ್ಧ ತಾಸು ಮುಂಚೆ ಶುರು ಮಾಡುತ್ತೇನೆ, ಬಿಸಿಲು ಏರುವುದರೊಳಗೆ ಮನೆ ಸೇರುತ್ತೇನೆ. ಮಳೆಗಾಲದಲ್ಲಿ ಗುಡ್ಡ ಹಸಿರಾಗುತ್ತದೆ ನಿಜ, ಆದರೆ ಒದ್ದೆ ಬಂಡೆ ಜಾರುತ್ತದೆ. ಹಾಗಾಗಿ ಹಿರೇಬೆಣಕಲ್ಲಿಗೆ ಮತ್ತೆ ಹೋಗುವುದು ದೀಪಾವಳಿ ಕಳೆದ ಮೇಲೆಯೇ. ಈ ಸಲ ಮನೆಯಾಕೆಯೂ ಬರುತ್ತೇನೆ ಅಂದಿದ್ದಾಳೆ, ಅದಕ್ಕೇ ಈಗಿಂದಲೇ ಅವಳಿಗೂ ಕಾಲುವೆ ದಂಡೆ.